ಕಾಸರವಳ್ಳಿ ಸಿನಿಮಾಗಳಲ್ಲಿ ಹೊಸ್ತಿಲ ಒಳಗೆ ಯಾರು, ಹೊರಗೆ ಯಾರು?

ಪ್ರಶ್ನೆ: ಗಿರೀಶ್ ಕಾಸರವಳ್ಳಿ ಅವರ ಘಟಶ್ರಾದ್ಧ, ದ್ವೀಪ, ಗುಲಾಬಿ ಟಾಕೀಸ್ ಮೂರನ್ನೂ ಈಚೆಗೆ ಒಂದಾದ ಮೇಲೊಂದು ನೋಡಿದೆ. ಊರು ಬೇರೆ, ಜನ ಬೇರೆ, ಕಾಲ ಬೇರೆ. ಆದರೂ ಮೂರನ್ನೂ ಮಾಡಿದ್ದು ಒಬ್ಬರೇ ಅಂತ ಗೊತ್ತಾಗಿಬಿಡುತ್ತದೆ. ಅದು ಹೇಗೆ? ಯಾರನ್ನು ಕೇಳಿದರೂ "ಹೆಣ್ಣಿನ ಶೋಷಣೆ, ನಿಧಾನಗತಿ" ಅಂತ ಎರಡು ಮಾತು ಹೇಳಿ ಸುಮ್ಮನಾಗುತ್ತಾರೆ. ಅದನ್ನು ಬಿಟ್ಟು ಬೇರೆ ಏನಾದರೂ ಇದೆಯಾ?

ಉತ್ತರ: ಇದೆ. ಆ ಎರಡು ಮಾತುಗಳು ಸುಳ್ಳಲ್ಲ, ಆದರೆ ಅವುಗಳಿಂದ ನಮಗೆ ಏನೂ ತಿಳಿಯುವುದಿಲ್ಲ. ಹೆಣ್ಣಿನ ಸಂಕಟದ ಮೇಲೆ ಪುಟ್ಟಣ್ಣ ಕಣಗಾಲ್ ಎಷ್ಟು ಸಿನಿಮಾ ಮಾಡಿಲ್ಲ? ಹಾಗಂತ ಇಬ್ಬರ ಸಿನಿಮಾ ಕಲೆಸಿಹೋಗುತ್ತವಾ? ಐದು ನಿಮಿಷ ನೋಡಿದರೆ ಸಾಕು, ಯಾವುದು ಯಾರದು ಅಂತ ಹೇಳಬಹುದು. ಪುಟ್ಟಣ್ಣ ಹೆಣ್ಣಿನ ಮನಸ್ಸಿನೊಳಕ್ಕೆ ನುಗ್ಗುವವರು. ಕ್ಯಾಮೆರಾ ಮುಖದ ಹತ್ತಿರ ಓಡಿಹೋಗುತ್ತದೆ, ಹಾಡು ಬರುತ್ತದೆ, ಭಾವನೆ ಉಕ್ಕಿ ಹರಿಯುತ್ತದೆ. ಕಾಸರವಳ್ಳಿ ಅವಳು ಇರುವ ಮನೆಯನ್ನು ನೋಡುತ್ತಾರೆ. ಆ ಮನೆ ಯಾರದು, ಅದರ ಯಾವ ಮೂಲೆ ಅವಳಿಗೆ ಸೇರಿದ್ದು, ಯಾವ ಬಾಗಿಲು ದಾಟಿದರೆ ಯಾರಿಗೆ ಸಿಟ್ಟು ಬರುತ್ತದೆ, ಇವೆಲ್ಲ ಅವರಿಗೆ ಮುಖ್ಯ.

ನನಗೆ ಕಾಣುವ ಹಾಗೆ ಅವರು ಮೊದಲ ಸಿನಿಮಾದಿಂದಲೂ ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಒಂದು ಗುಂಪು ತನ್ನೊಳಗೇ ಇದ್ದ ಒಬ್ಬರನ್ನು ಹೇಗೆ ಹೊರಗೆ ಹಾಕುತ್ತದೆ? ಆ ಗುಂಪು ಅಗ್ರಹಾರ ಇರಬಹುದು, ಮಸೀದಿಯ ಜಮಾತ್ ಇರಬಹುದು, ಮುನಿಸಿಪಾಲಿಟಿ ಕಚೇರಿ ಇರಬಹುದು, ಒಂದು ಮನೆತನ ಇರಬಹುದು. ಹೊರಗೆ ಹಾಕುವಾಗ ಯಾವ ನಿಯಮ ಓದಿ ಹೇಳುತ್ತಾರೆ? ಸುತ್ತ ನಿಂತು ನೋಡುವವರು ಏನು ಮಾಡುತ್ತಾರೆ? ಹೊರಗೆ ಬಿದ್ದವರು ಆಮೇಲೆ ಏನಾಗುತ್ತಾರೆ? ನೀವು ನೋಡಿದ ಮೂರೂ ಸಿನಿಮಾಗಳನ್ನು ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ನೆನೆಸಿಕೊಳ್ಳಿ.

ಘಟಶ್ರಾದ್ಧ (1977) ಅನಂತಮೂರ್ತಿಯವರ ಕಥೆ. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಕ್ಕ ಬಾಲವಿಧವೆ. ಅವಳು ಬಸುರಿಯಾಗುತ್ತಾಳೆ. ಕಡೆಗೆ ಹೆತ್ತ ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಅವಳು ಸತ್ತಳು ಅಂತ ಲೆಕ್ಕ ಮುಗಿಸುತ್ತಾನೆ. ಆ ಆಚರಣೆಯ ಕ್ರೌರ್ಯ ನೋಡಿದವರಿಗೆಲ್ಲ ನೆನಪಿರುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಗಾಬರಿ ಹುಟ್ಟಿಸುವುದು ಅದರ ಅಚ್ಚುಕಟ್ಟು. ಅಲ್ಲಿ ಸಿಟ್ಟಿಗಿಂತ ಕ್ರಮ ಜಾಸ್ತಿ ಇದೆ. ಒಬ್ಬ ಮನುಷ್ಯಳನ್ನು ಜೀವಂತ ಇರುವಾಗಲೇ ಇಲ್ಲ ಅನ್ನಿಸಿಬಿಡುವುದಕ್ಕೆ ವಿಧಿ ಇದೆ, ಸಾಮಗ್ರಿ ಇದೆ, ಮಂತ್ರ ಇದೆ. ಎಲ್ಲವೂ ಸರಿಯಾಗಿ ನಡೆಯುತ್ತದೆ. ತಪ್ಪು ಅಂತ ಬೆರಳಿಟ್ಟು ತೋರಿಸುವುದಕ್ಕೆ ಒಬ್ಬ ವಿಲನ್ ಕೂಡ ಸಿಗುವುದಿಲ್ಲ.

ಈಗ 1986ರ ತಬರನ ಕಥೆಗೆ ಬನ್ನಿ. ಇದನ್ನು ನೀವು ನೋಡಿಲ್ಲ ಅನ್ನಿಸುತ್ತದೆ, ನೋಡಲೇಬೇಕು. ತೇಜಸ್ವಿಯವರ ಕಥೆ. ತಬರಶೆಟ್ಟಿ ಬ್ರಿಟಿಷರ ಕಾಲದಿಂದ ಸರ್ಕಾರದ ಚಾಕರಿ ಮಾಡಿದವನು. ಸರ್ಕಾರ ಅಂದರೆ ಅವನಿಗೆ ದೇವರು. ನಿವೃತ್ತನಾದ ಮೇಲೆ ಪಿಂಚಣಿ ಬರುವುದಿಲ್ಲ. ವಸೂಲಾಗದ ಕಂದಾಯದ ಲೆಕ್ಕ ಅವನ ತಲೆಗೇ ಬಂದು ಕೂರುತ್ತದೆ, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಬರುತ್ತದೆ. ಇಲ್ಲಿ ಜನಿವಾರ ಇಲ್ಲ, ಗಡಿಗೆ ಇಲ್ಲ. ಆದರೆ ನಡೆಯುತ್ತಿರುವುದು ಅದೇ ಘಟಶ್ರಾದ್ಧ ಅಲ್ವಾ? ಬದುಕಿರುವ ಒಬ್ಬ ಮನುಷ್ಯ ಕಾಗದದ ಮೇಲೆ ಇಲ್ಲ. ಶಾಸ್ತ್ರದ ಜಾಗದಲ್ಲಿ ರೂಲ್ಸು ಇದೆ, ಪುರೋಹಿತರ ಜಾಗದಲ್ಲಿ ಗುಮಾಸ್ತರಿದ್ದಾರೆ. ಅಗ್ರಹಾರ ಹೋಗಿ ಪ್ರಜಾಪ್ರಭುತ್ವ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಸಮಾಧಾನವನ್ನೂ ಅವರು ನಮಗೆ ಬಿಟ್ಟುಕೊಡುವುದಿಲ್ಲ.

ನಿಧಾನದ ಮಾತಿಗೂ ಇಲ್ಲೇ ಉತ್ತರ ಇದೆ. ತಬರನ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ದಿನೇದಿನೇ ಕೊಳೆಯುತ್ತಾ ಮೇಲೇರುತ್ತದೆ. ಆ ಕಡೆ ಫೈಲು ಅಲ್ಲಾಡುವುದಿಲ್ಲ, ಈ ಕಡೆ ಗಾಯ ನಿಲ್ಲುವುದಿಲ್ಲ. ಎರಡು ಕಾಲ ಒಟ್ಟೊಟ್ಟಿಗೆ ಓಡುತ್ತಿವೆ, ಒಂದು ಕಚೇರಿಯದು, ಇನ್ನೊಂದು ದೇಹದ್ದು. ನಮಗೆ ಆಗುವ ಚಡಪಡಿಕೆ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಘಟಶ್ರಾದ್ಧದಲ್ಲೂ ಹಾಗೆಯೇ. ಪಾಠಶಾಲೆಯ ದಿನಚರಿ ಎಂದಿನಂತೆ ಸಾಗುತ್ತದೆ, ಸ್ನಾನ, ಸಂಧ್ಯಾವಂದನೆ, ಪಾಠ, ಊಟ. ಆದರೆ ಯಮುನಕ್ಕನ ಹೊಟ್ಟೆಯಲ್ಲಿ ಬೇರೆಯೇ ಗಡಿಯಾರ ಇದೆ. ದ್ವೀಪದಲ್ಲಿ ಅಣೆಕಟ್ಟಿನ ನೀರು ಏರುತ್ತಾ ಇರುತ್ತದೆ, ಮುಳುಗುವ ಊರಿನವರಿಗೆ ಕೊಡುವ ಪರಿಹಾರದ ಲೆಕ್ಕಾಚಾರ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಇವನ್ನೆಲ್ಲ ಬೇಗ ಬೇಗ ಕತ್ತರಿಸಿ ಜೋಡಿಸಿದರೆ ಆ ಅಂತರವೇ ಉಳಿಯುವುದಿಲ್ಲ, ಸಿನಿಮಾವೂ ಉಳಿಯುವುದಿಲ್ಲ. ಸುಮ್ನೆ ಕಲಾತ್ಮಕವಾಗಿರಲಿ ಅಂತ ನಿಧಾನ ಮಾಡುವ ಸಿನಿಮಾಗಳೂ ಬೇಕಾದಷ್ಟಿವೆ, ಅವು ನನಗೂ ನಿದ್ದೆ ತರಿಸುತ್ತವೆ.

ಕ್ಯಾಮೆರಾ ವಿಷಯ. ಮುಖದ ಹತ್ತಿರದ ಶಾಟ್ ಇವರಲ್ಲಿ ಕಡಿಮೆ. ಮನುಷ್ಯರು ಸಾಮಾನ್ಯವಾಗಿ ಬಾಗಿಲು, ಕಂಬ, ಕಿಟಕಿ, ಜಗಲಿಗಳ ನಡುವೆಯೇ ಕಾಣುತ್ತಾರೆ. ಒಳಗೆ ಕತ್ತಲು, ಹೊರಗೆ ಬೆಳಕು, ನಡುವೆ ಒಂದು ಹೊಸ್ತಿಲು. ಯಾರು ಹೊಸ್ತಿಲ ಯಾವ ಕಡೆ ನಿಂತಿದ್ದಾರೆ ಅಂತ ಗಮನಿಸುತ್ತಾ ಹೋದರೆ ಅರ್ಧ ಕಥೆ ಮಾತಿಲ್ಲದೆಯೇ ತಿಳಿಯುತ್ತದೆ. ಘಟಶ್ರಾದ್ಧವನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದವರು ಎಸ್. ರಾಮಚಂದ್ರ. ಆ ಕಪ್ಪು ಸುಮ್ಮನೆ ಬಣ್ಣ ಇಲ್ಲದ ಕಪ್ಪಲ್ಲ, ಅದರಲ್ಲಿ ಹೆದರಿಕೆ ಇದೆ. ಅದೇ ರಾಮಚಂದ್ರ ಮೂವತ್ತು ವರ್ಷದ ಮೇಲೆ ಗುಲಾಬಿ ಟಾಕೀಸ್‌ಗೂ ಕ್ಯಾಮೆರಾ ಹಿಡಿದರು. ದ್ವೀಪಕ್ಕೆ ಎಚ್.ಎಂ. ರಾಮಚಂದ್ರ, ಆ ಕೆಲಸಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿ ಮಳೆ ಹೇಗಿದೆ ನೋಡಿ. ನಮ್ಮ ಸಿನಿಮಾಗಳಲ್ಲಿ ಮಳೆ ಬಂದರೆ ಹಾಡೋ ಹೊಡೆದಾಟವೋ ಬರುತ್ತದೆ. ಇಲ್ಲಿ ಮಳೆ ಅಂದರೆ ಸೋರುವ ಮಾಡು, ಒದ್ದೆ ಸೌದೆ, ಕೊಚ್ಚಿಹೋಗುವ ಮಣ್ಣು. ಅಂದರೆ ಕೆಲಸ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಸರವಳ್ಳಿ ಹುಟ್ಟಿದ್ದೂ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲೇ.

ಶಬ್ದದ ಬಗ್ಗೆಯೂ ಒಂದು ಮಾತು. 1990ರ ಮನೆ ಸಿನಿಮಾದಲ್ಲಿ ಹಳ್ಳಿಯಿಂದ ಬಂದ ಹೊಸ ಜೋಡಿಯೊಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತದೆ. ಪಕ್ಕದಲ್ಲೇ ಯಂತ್ರಗಳ ಶೆಡ್ಡು, ಹಗಲು ರಾತ್ರಿ ಗಲಾಟೆ. ಅವರ ಸಂಸಾರವನ್ನು ಹಾಳು ಮಾಡುವುದು ಮುಖ್ಯವಾಗಿ ಆ ಸದ್ದೇ. ಆ ಸಿನಿಮಾದಲ್ಲಿ ಹೊಸ್ತಿಲು ಇದ್ದೂ ಇಲ್ಲ, ಯಾಕೆಂದರೆ ಸದ್ದಿಗೆ ಬಾಗಿಲು ಹಾಕುವುದಕ್ಕೆ ಆಗುವುದಿಲ್ಲ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ಇದ್ದರೂ ಈ ಸಿನಿಮಾದ ಬಗ್ಗೆ ಮಾತಾಡುವವರು ಕಡಿಮೆ. ಅನ್ಯಾಯ.

ಇನ್ನು ನೋಡುವವರ ವಿಷಯ, ಇದು ನನಗೆ ಬಹಳ ಇಷ್ಟ. ಘಟಶ್ರಾದ್ಧವನ್ನು ನಾವು ನೋಡುವುದು ನಾಣಿಯ ಕಣ್ಣಿನಿಂದ. ಪಾಠಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗ. ಅವನಿಗೆ ಯಮುನಕ್ಕನ ಮೇಲೆ ಪ್ರೀತಿ, ಆದರೆ ಏನು ನಡೆಯುತ್ತಿದೆ ಅಂತ ಪೂರ್ತಿ ತಿಳಿಯುವುದಿಲ್ಲ. ತಿಳಿದರೂ ಮಾಡುವುದಕ್ಕೆ ಏನೂ ಇಲ್ಲ. ಕೊನೆಯಲ್ಲಿ ಅವನನ್ನು ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ, ತಲೆ ಬೋಳಿಸಿದ ಯಮುನಕ್ಕ ಹಿಂದೆ ಉಳಿಯುತ್ತಾಳೆ. 1996ರ ಕ್ರೌರ್ಯ ಅನ್ನುವ ಸಿನಿಮಾದಲ್ಲೂ ಕಥೆ ಹೇಳುವ ಮುದುಕಿಯ ಪಕ್ಕದಲ್ಲಿ ಒಬ್ಬ ಹುಡುಗ ಇದ್ದಾನೆ. ಹೀಗೆ ಏನೂ ಮಾಡಲಾಗದ ಸಾಕ್ಷಿಯೊಬ್ಬನನ್ನು ಇಡುವುದರಿಂದ ಏನಾಗುತ್ತದೆ ಅಂದರೆ, ನಾವು "ಅಯ್ಯೋ ಪಾಪ" ಅಂತ ಹೇಳಿ ಕೈ ತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ನಾವು ಕೂತಿರುವುದೂ ಅದೇ ಹುಡುಗನ ಜಾಗದಲ್ಲಿ. ನೋಡಿದ್ದೇವೆ, ಎದ್ದು ಹೋಗುತ್ತಿದ್ದೇವೆ.

ಗುಲಾಬಿ ಟಾಕೀಸ್ (2008) ಇವೆಲ್ಲವೂ ಒಂದೇ ಕಡೆ ಸೇರುವ ಸಿನಿಮಾ ಅಂತ ನನ್ನ ಅಭಿಪ್ರಾಯ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕುಂದಾಪುರದ ಕಡೆಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಆಸುಪಾಸಿನ ಕಾಲ. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಆಂಟೆನಾ ಸಮೇತ ಟಿವಿ ಸಿಗುತ್ತದೆ. ಗಂಡಸರು ಕಡಲಿಗೆ ಹೋದ ಮೇಲೆ ಊರಿನ ಹೆಂಗಸರು ಅವಳ ಗುಡಿಸಲಿಗೆ ಬರತೊಡಗುತ್ತಾರೆ. ಇಲ್ಲಿ ಹೊಸ್ತಿಲು ನೋಡಿ. ಕೆಲವರು ಒಳಗೆ ಬಂದು ಕೂರುತ್ತಾರೆ. ಕೆಲವರು ಹೊರಗೇ ನಿಂತು ಟಿವಿ ನೋಡುತ್ತಾರೆ. ಮುಸ್ಲಿಮರ ಮನೆ ಅಂತ ಕೆಲವರು ಆ ಕಡೆ ತಲೆಯನ್ನೇ ಹಾಕುವುದಿಲ್ಲ. ಒಂದು ಸಣ್ಣ ಗುಡಿಸಲಿನ ಬಾಗಿಲಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದ ಹಾಗಿದೆ. ಒಬ್ಬ ಪಾತ್ರಧಾರಿಯೂ ಕೋಮು ಸೌಹಾರ್ದದ ಬಗ್ಗೆ ಭಾಷಣ ಮಾಡಬೇಕಾಗಿಲ್ಲ.

ಟಿವಿಯನ್ನು ಅವರು ಒಳ್ಳೆಯದು ಅಂತಲೂ ತೋರಿಸುವುದಿಲ್ಲ, ಕೆಟ್ಟದ್ದು ಅಂತಲೂ ತೋರಿಸುವುದಿಲ್ಲ. ಅದು ಹೆಂಗಸರಿಗೆ ಒಟ್ಟಿಗೆ ಕೂರುವುದಕ್ಕೆ ಒಂದು ಜಾಗ ಮಾಡಿಕೊಡುತ್ತದೆ. ಅದೇ ಟಿವಿ ದೂರದ ಯುದ್ಧವನ್ನು ಊರೊಳಗೆ ತಂದು ನಿಲ್ಲಿಸುತ್ತದೆ. ಗಂಡ ಹತ್ತಿರವಿಲ್ಲದ, ಅತ್ತೆಯ ಕಾಟದಲ್ಲಿರುವ ನೇತ್ರು ಅನ್ನುವ ಹುಡುಗಿ ಗುಲಾಬಿಗೆ ಹತ್ತಿರವಾಗುತ್ತಾಳೆ, ಆಮೇಲೆ ಒಂದು ದಿನ ಕಾಣೆಯಾಗುತ್ತಾಳೆ. ತಪ್ಪು ಗುಲಾಬಿಯ ತಲೆಗೆ. ಜೊತೆಗೆ ಮೀನುಗಾರಿಕೆಯಲ್ಲಿ ದೊಡ್ಡ ದೋಣಿಗಳು, ದುಡ್ಡಿನ ಪೈಪೋಟಿ, ಧರ್ಮದ ಹೆಸರಿನ ಜಗಳ ಎಲ್ಲ ಸೇರಿಕೊಂಡು ಅವಳನ್ನು ಊರಿನಿಂದಲೇ ಹೊರಡಿಸುತ್ತವೆ. ಊರಿನ ಎಷ್ಟೋ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡವಳು ಅವಳೇ. ಘಟಶ್ರಾದ್ಧಕ್ಕೂ ಇದಕ್ಕೂ ಮೂವತ್ತು ವರ್ಷ ಅಂತರ ಇದೆ. ಹೊರಗೆ ಹಾಕುವ ಕೆಲಸಕ್ಕೆ ಈಗ ಪುರೋಹಿತರೂ ಬೇಡ, ಗುಮಾಸ್ತರೂ ಬೇಡ, ಊರಿನ ಹುಡುಗರೇ ಸಾಕು.

ಇನ್ನೊಂದು ಗುಣ ಕೃತಿಗಳನ್ನು ಬಳಸುವ ರೀತಿಯಲ್ಲಿದೆ. ಅವರ ಹೆಚ್ಚಿನ ಸಿನಿಮಾಗಳ ಹಿಂದೆ ಕನ್ನಡದ ಒಂದು ಕಥೆಯೋ ಕಾದಂಬರಿಯೋ ಇದೆ. ಮೂರು ದಾರಿಗಳು ಯಶವಂತ ಚಿತ್ತಾಲರದ್ದು, ದ್ವೀಪ ನಾ. ಡಿಸೋಜ ಅವರದ್ದು, ಹಸೀನಾ ಸಿನಿಮಾಕ್ಕೆ ಮೂಲ ಬಾನು ಮುಷ್ತಾಕ್ ಅವರ ಕರಿ ನಾಗರಗಳು ಕಥೆ, ಕನಸೆಂಬೋ ಕುದುರೆಯನೇರಿ ಅಮರೇಶ ನುಗಡೋಣಿಯವರದ್ದು, ಕೂರ್ಮಾವತಾರ ಕುಂ. ವೀರಭದ್ರಪ್ಪ ಅವರದ್ದು. ಆದರೆ ಕಥೆಯನ್ನು ಹಾಗೇ ಎತ್ತಿ ಪರದೆಗೆ ಹಾಕುವ ಪೈಕಿ ಅಲ್ಲ ಇವರು. ಮೂಲದ ಜೊತೆ ಜಗಳಕ್ಕೆ ಕೂರುತ್ತಾರೆ. ಗುಲಾಬಿ ಟಾಕೀಸ್‌ಗೆ ಮೂಲವಾದ ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಥಿಯೇಟರು, ಇವರು ಅದನ್ನು ಟಿವಿ ಮಾಡಿದರು, ಕಾಲವನ್ನೇ ಮುಂದಕ್ಕೆ ತಂದರು.

ಎಲ್ಲಕ್ಕಿಂತ ದೊಡ್ಡ ಜಗಳ ನಾಯಿ ನೆರಳು (2006). ಭೈರಪ್ಪನವರ ಕಾದಂಬರಿಯಲ್ಲಿ ಪುನರ್ಜನ್ಮ ನಡುಮಧ್ಯದಲ್ಲಿದೆ. ಸತ್ತ ಮಗ ಬೇರೆ ಕಡೆ ಹುಟ್ಟಿ ಬಂದಿದ್ದಾನೆ ಅಂತ ಹೆತ್ತವರು ನಂಬುತ್ತಾರೆ. ಆ ಹುಡುಗನನ್ನು ಮನೆಗೆ ಕರೆತರುತ್ತಾರೆ. ಮಗ ಸಿಕ್ಕಿದ ಅಂತ ತಾಯಿಗೆ ಸಂತೋಷ, ಸರಿ. ಆದರೆ ಆ ಮನೆಯಲ್ಲಿ ಒಬ್ಬಳು ಸೊಸೆಯೂ ಇದ್ದಾಳೆ, ವೆಂಕಟಲಕ್ಷ್ಮಿ. ವರ್ಷಗಟ್ಟಲೆ ವಿಧವೆಯಾಗಿ ಬದುಕಿದವಳು, ಬೆಳೆದ ಮಗಳ ತಾಯಿ. ಈಗ ತನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಹುಡುಗ ಅವಳ ಗಂಡ ಅಂತೆ! ಕಾಸರವಳ್ಳಿ ಪುನರ್ಜನ್ಮ ನಿಜವೋ ಸುಳ್ಳೋ ಅನ್ನುವ ಚರ್ಚೆಯನ್ನು ಹಿಂದಕ್ಕೆ ಸರಿಸಿ ಅವಳ ಕಡೆಗೆ ತಿರುಗುತ್ತಾರೆ. ಅವಳು ನಂಬಿ ಒಪ್ಪಿದಳಾ? ಮನೆಯವರಿಗಾಗಿ ಒಪ್ಪಿದಳಾ? ಅಥವಾ ಆ ನಂಬಿಕೆಯ ನೆಪದಲ್ಲಿ ತನಗೆ ಬೇಕಾದ ಬದುಕನ್ನು ತಾನೇ ತೆಗೆದುಕೊಂಡಳಾ? ಓದಿದ ಮಗಳು ಇದನ್ನು ಮೂಢನಂಬಿಕೆ ಅಂತ ವಿರೋಧಿಸುತ್ತಾಳೆ. ವಿಚಾರವಾದಿಗಳಿಗೆ ಮಗಳೇ ಸರಿ ಅನ್ನಿಸಬೇಕು. ಆದರೆ ಸಿನಿಮಾ ನೋಡುತ್ತಾ ಇದ್ದರೆ ಆ ಮಗಳೂ ಇನ್ನೊಂದು ಶಾಸ್ತ್ರ ಹಿಡಿದು ತಾಯಿಯನ್ನು ಹೊರಗೆ ಹಾಕುತ್ತಿದ್ದಾಳೆ ಅನ್ನಿಸತೊಡಗುತ್ತದೆ. ಬಲಕ್ಕೂ ಎಡಕ್ಕೂ ಸುಲಭವಾಗಿ ಸಿಗದ ಸಿನಿಮಾ ಇದು.

ತಾಯಿ ಸಾಹೇಬದಲ್ಲೂ (1997) ಇಂಥದ್ದೇ ಒಂದು ಗಂಟು. ಗಂಡ ಅಪ್ಪಾಸಾಹೇಬ ಸ್ವಾತಂತ್ರ್ಯ ಹೋರಾಟದಲ್ಲಿ, ಹೆಂಡತಿ ದೊಡ್ಡ ಮನೆಯ ಒಳಗೆ. ಆಮೇಲೆ ದತ್ತು ತೆಗೆದುಕೊಂಡ ಮಗ, ಗಂಡನಿಗೆ ಇನ್ನೊಬ್ಬಳಲ್ಲಿ ಹುಟ್ಟಿದ ಮಗಳನ್ನು ಪ್ರೀತಿಸುತ್ತಾನೆ. ರಕ್ತದ ಲೆಕ್ಕದಲ್ಲಿ ಅವರು ಪರಸ್ಪರ ಏನೂ ಅಲ್ಲ, ಕಾನೂನಿನ ಲೆಕ್ಕದಲ್ಲಿ ಅಣ್ಣ ತಂಗಿ. ಮನುಷ್ಯರಿಗಾಗಿ ಮಾಡಿದ ನಿಯಮ ಮನುಷ್ಯರನ್ನೇ ಕಟ್ಟಿಹಾಕುವ ಇಂಥ ಜಾಗಗಳನ್ನು ಅವರು ಹುಡುಕಿ ಹುಡುಕಿ ಆರಿಸುತ್ತಾರೆ.

ಅವರ ಹೆಂಗಸರು ದೊಡ್ಡ ಕ್ರಾಂತಿ ಮಾಡುವವರಲ್ಲ. ಗಂಡ ಬಿಟ್ಟುಹೋದ ಹಸೀನಾ ಮಸೀದಿಯ ಮುಂದೆ ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳುತ್ತಾ ಕೂರುತ್ತಾಳೆ, ಅಷ್ಟೇ. ದ್ವೀಪದ ನಾಗಿ ಮನೆ ಉಳಿಸುತ್ತಾಳೆ. ಆ ಕೊನೆಯನ್ನು ಇನ್ನೊಮ್ಮೆ ನೋಡಿ. ನಾಗಿಗೆ ಪರಿಚಯದ ಕೃಷ್ಣ ಬಂದಿದ್ದಕ್ಕೆ ಅವಳ ಗಂಡ ಗಣಪನಿಗೆ ಹೊಟ್ಟೆಯುರಿ, ಅವನನ್ನು ಕಳಿಸಿದ್ದೂ ಆಯಿತು. ಮಳೆಗಾಲ ಪೂರ್ತಿ ಜೀವ ತೇದು ಮನೆಯನ್ನು ಕಾಪಾಡಿದವಳು ನಾಗಿ. ನೀರು ಇಳಿದ ಮೇಲೆ ಗಣಪ ಹೇಳುವುದು ದೇವರು ಕಾಪಾಡಿದ ಅಂತ. ಅವಳನ್ನು ಮನೆಯಿಂದ ಯಾರೂ ಹೊರಗೆ ಹಾಕಿಲ್ಲ. ಆದರೆ ಲೆಕ್ಕದಿಂದ ಹೊರಗೆ ಹಾಕಿದ್ದಾರೆ. ನನಗಂತೂ ಘಟಶ್ರಾದ್ಧದ ಮುಕ್ತಾಯಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ, ಯಾಕೆಂದರೆ ಗಡಿಗೆ ಒಡೆಯುವುದು ಈಗ ಎಲ್ಲೂ ಕಾಣುವುದಿಲ್ಲ, ಇದು ದಿನಾ ಮನೆಮನೆಯಲ್ಲೂ ನಡೆಯುತ್ತದೆ.

ನಟರ ಆಯ್ಕೆಯಲ್ಲೂ ಒಂದು ಹಟ ಕಾಣುತ್ತದೆ. ಜನ ಬೇರೆ ಥರ ನೋಡಿ ಅಭ್ಯಾಸವಾದವರನ್ನು ಕರೆತರುತ್ತಾರೆ. ದ್ವೀಪದ ನಾಗಿಯಾದ ನಟಿ ಸೌಂದರ್ಯ ಆಗ ದೊಡ್ಡ ತಾರೆ, ಆ ಸಿನಿಮಾಕ್ಕೆ ನಿರ್ಮಾಪಕಿಯೂ ಅವರೇ. ನಗಿಸುವ ಪಾತ್ರಗಳಲ್ಲಿ ಜನಪ್ರಿಯರಾಗಿದ್ದ ಉಮಾಶ್ರೀ ಗುಲಾಬಿಯಾದರು, ವೈಜನಾಥ ಬಿರಾದಾರ ಕನಸೆಂಬೋ ಕುದುರೆಯನೇರಿಯ ಈರ್ಯನಾದರು. ತಬರನಾಗಿ ಚಾರುಹಾಸನ್, ಹಸೀನಾ ಆಗಿ ತಾರಾ, ಗುಲಾಬಿಯಾಗಿ ಉಮಾಶ್ರೀ, ಮೂವರಿಗೂ ರಾಷ್ಟ್ರಪ್ರಶಸ್ತಿ ಬಂತು. ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವಂತೂ ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ ಹೀಗೆ ನಾಲ್ಕು ಸಲ. ಇಷ್ಟಾದರೂ ಈ ಸಿನಿಮಾಗಳ ಒಳ್ಳೆಯ ಪ್ರತಿ ಹುಡುಕುವುದೇ ಪ್ರೇಕ್ಷಕರಿಗೆ ಒಂದು ಕೆಲಸ. ಘಟಶ್ರಾದ್ಧವನ್ನು ಈಚೆಗೆ ಚೆನ್ನಾಗಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು, ಅದೊಂದು ಸಮಾಧಾನ.

ಹಾಗಾದರೆ ಕೊರತೆಯೇ ಇಲ್ವಾ? ಇದೆ. ಕೆಲವು ಕಡೆ ಪಾತ್ರಗಳು ಮನುಷ್ಯರಾಗುವ ಮೊದಲೇ ಒಂದೊಂದು ವಿಚಾರಕ್ಕೆ ಪ್ರತಿನಿಧಿಗಳಾಗಿಬಿಡುತ್ತವೆ. ಕೂರ್ಮಾವತಾರದಲ್ಲಿ ನಿವೃತ್ತಿಗೆ ಹತ್ತಿರವಾದ ಸರ್ಕಾರಿ ನೌಕರನೊಬ್ಬ ಟಿವಿ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡುತ್ತಾನೆ. ಜನ ಅವನಲ್ಲಿ ನಿಜವಾದ ಗಾಂಧಿಯನ್ನೇ ಹುಡುಕತೊಡಗುತ್ತಾರೆ. ಎಂಥ ಚಂದದ ಎಳೆ! ಮೊದಲರ್ಧದಲ್ಲಿ ನಗುವೂ ಇದೆ. ಆಮೇಲೆ ಗಾಂಧಿ ಈ ಕಡೆ, ಇವತ್ತಿನ ದುರಾಸೆ ಆ ಕಡೆ ಅಂತ ತಕ್ಕಡಿ ತೂಗುವುದು ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ. ಗುಲಾಬಿ ಟಾಕೀಸ್‌ನಲ್ಲಿ ಬಾಗಿಲೇ ಮಾಡಿದ ಕೆಲಸವನ್ನು ಇಲ್ಲಿ ಮಾತು ಮಾಡಬೇಕಾಗಿದೆ.

ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರೂ ಕೇಳುವ ರೀತಿ ಬದಲಾಗಿದೆ ಅನ್ನುವುದಕ್ಕೆ ಕನಸೆಂಬೋ ಕುದುರೆಯನೇರಿ (2010) ನೋಡಬೇಕು. ಈರ್ಯ ಹೆಣ ಹೂಳುವ ಗುಂಡಿ ತೋಡುವವನು. ಅವನ ಕನಸಿನಲ್ಲಿ ಸಿದ್ಧ ಅನ್ನುವ ಸಾಧು ಬಂದರೆ ಊರಲ್ಲಿ ಒಂದು ಸಾವು ಖಚಿತ ಅಂತ ಅವನ ನಂಬಿಕೆ. ಒಂದು ದಿನ ಕನಸು ಬೀಳುತ್ತದೆ, ಆದರೆ ಸಾವಿನ ಸುದ್ದಿಯೇ ಇಲ್ಲ. ದೊಡ್ಡ ಮನೆಯಲ್ಲಿ ಮುದುಕ ಸತ್ತಿದ್ದರೂ ಮನೆಯವರು ತಮ್ಮ ಅನುಕೂಲಕ್ಕೆ ಅದನ್ನು ಮುಚ್ಚಿಟ್ಟಿದ್ದಾರೆ. ಈರ್ಯನಿಗೆ ತನ್ನ ಕನಸೇ ಸುಳ್ಳಾಯಿತು ಅನ್ನಿಸುತ್ತದೆ. ಈ ಕಥೆಯನ್ನು ಅವರು ಸಾಲಾಗಿ ಹೇಳುವುದಿಲ್ಲ, ಹಿಂದೆ ಹೋಗಿ ಇನ್ನೊಂದು ಕಡೆಯಿಂದ ಮತ್ತೆ ತೋರಿಸುತ್ತಾರೆ. ಯಮುನಕ್ಕನಿಂದ ಮನೆ ಕಿತ್ತುಕೊಂಡರು, ತಬರನಿಂದ ಪಿಂಚಣಿ ಕಿತ್ತುಕೊಂಡರು, ಈರ್ಯನಿಂದ ಕಿತ್ತುಕೊಳ್ಳುತ್ತಿರುವುದು ಕನಸನ್ನು. ಆಸ್ತಿ ಇರಲಿ, ಸರಿಯಾದ ಸೂರೂ ಇಲ್ಲದವನಿಂದ ಏನನ್ನು ಕಿತ್ತುಕೊಳ್ಳಬಹುದು ಅಂತ ಯೋಚಿಸಿದರೆ ಆ ಸಿನಿಮಾ ಎಷ್ಟು ದೂರ ಹೋಗಿದೆ ಅಂತ ಗೊತ್ತಾಗುತ್ತದೆ.

ನೀವು ಮುಂದೆ ನೋಡುವುದಾದರೆ ತಬರನ ಕಥೆಯಿಂದ ಶುರು ಮಾಡಿ, ಆಮೇಲೆ ನಾಯಿ ನೆರಳು, ಕೊನೆಗೆ ಕನಸೆಂಬೋ ಕುದುರೆಯನೇರಿ. ಭೈರಪ್ಪನವರ ಕಾದಂಬರಿ ಓದಿಲ್ಲದಿದ್ದರೆ ಸಿನಿಮಾ ನೋಡಿದ ಮೇಲೆ ಓದಿ, ಮೊದಲೇ ಓದಬೇಡಿ. ವೆಂಕಟಲಕ್ಷ್ಮಿಯ ಬಗ್ಗೆ ನಿಮ್ಮದೇ ಒಂದು ತೀರ್ಮಾನ ಆಗಿದ್ದರೆ ಕಾದಂಬರಿಯ ಜೊತೆ ನೀವೂ ಜಗಳಕ್ಕೆ ಕೂರಬಹುದು.